ಮಣ್ಣಿಲ್ಲದ ಶಾಲೆಯಲ್ಲಿ ಬೇಸಾಯದ ಪಾಠ

ಪ್ರೌಢಶಾಲೆಗಳಲ್ಲಿ ಸಾವಯವ ಕೃಷಿಯನ್ನು ಕಲಿಸಬೇಕೆಂಬ ಮಾತು ಇತ್ತೀಚಿನದೆಂದು ತೋರಿದರೂ ಮುಂಬಯಿಯ ಮಟ್ಟಿಗೆ ಅದರ ಹಿಂದೆ ಒಂದು ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ. ಹಳೆಯ ಮುಂಬಯಿ ಪ್ರಾಂತ್ಯದ ಕೃಷಿ ಶಾಲೆಗಳು, ಗಾಂಧೀಜಿಯವರ ಮೂಲಶಿಕ್ಷಣ, ಕೊಠಾರಿ ಆಯೋಗ ಸೂಚಿಸಿದ ಕಾರ್ಯಾನುಭವ, ಪಾಬಳದ ವಿಜ್ಞಾನ ಆಶ್ರಮ ರೂಪಿಸಿದ ಪಠ್ಯಕ್ರಮ ಹಾಗೂ ನಗರದ ತಾರಸಿ ತೋಟಗಳು ಆ ಚರಿತ್ರೆಯ ಮುಖ್ಯ ಘಟ್ಟಗಳಾಗಿದ್ದು, ಇವನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಪರಿಶೀಲಿಸಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಬೇಸಾಯವೆಂದರೆ ಹೊಲದ ಕಸುಬೆಂದಷ್ಟೇ ತಿಳಿದು ಹೊರಟ ಯೋಜನೆಗಳು ಹೊಲವೇ ಇಲ್ಲದ ಈ ನಗರದ ಶಾಲೆಗಳಲ್ಲಿ ಬೇರು ಬಿಡಲಿಲ್ಲ. ಗೊಬ್ಬರದಿಂದ, ಎಂದರೆ ಕಸವನ್ನು ಮಣ್ಣಾಗಿಸುವ ಕೆಲಸದಿಂದ ಶುರುವಾದ ಪ್ರಯತ್ನಗಳಿಗೆ ಮಾತ್ರ ಇಲ್ಲಿ ನೆಲೆ ದೊರೆಯಿತು. ಆದ್ದರಿಂದ ಮುಂಬಯಿಯ ಕೃಷಿ ಶಿಕ್ಷಣದ ಚರಿತ್ರೆಯನ್ನು ಆ ನಗರದ ಗೊಬ್ಬರದ ಚರಿತ್ರೆಯೊಂದಿಗೆ ಸೇರಿಸಿಯೇ ಓದಬೇಕಾಗುತ್ತದೆ.

‘ಸಾವಯವ’ ಎಂದರೆ ಅವಯವಗಳಿಂದ ಕೂಡಿದ್ದು. ಜೀವಿಗಳಿಂದ ಬಂದ ವಸ್ತುಗಳಿಗೆ ಕನ್ನಡ ಈ ಪದವನ್ನು ಬಳಸುತ್ತ ಬಂದಿದೆ. ಕಾರ್ಖಾನೆಯಲ್ಲಿ ತಯಾರಾದ ರಸಗೊಬ್ಬರ ಮತ್ತು ಕೀಟನಾಶಕಗಳನ್ನು ಬಿಟ್ಟು, ಹಟ್ಟಿಗೊಬ್ಬರ, ಹಸಿರು ಸೊಪ್ಪು, ಕಳಿತ ಕಸಕಡ್ಡಿಗಳಿಂದ ಮಣ್ಣಿನೊಳಗಿನ ಜೀವಸತ್ತ್ವವನ್ನು ಕಾಯ್ದುಕೊಳ್ಳುವ ಬೇಸಾಯವೇ ಸಾವಯವ ಕೃಷಿ. ಮರಾಠಿಯಲ್ಲಿ ಇದನ್ನು ‘ಸೇಂದ್ರಿಯ ಶೇತಿ’ ಎಂದೂ ಹಿಂದಿಯಲ್ಲಿ ‘ಜೈವಿಕ ಖೇತಿ’ ಎಂದೂ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಈ ಹೆಸರು ಬಳಕೆಗೆ ಬಂದದ್ದು 1940ರಲ್ಲಿ ಲಾರ್ಡ್ ನಾರ್ತ್‌ಬೋರ್ನ್ ಬರೆದ ‘ಲುಕ್ ಟು ದಿ ಲ್ಯಾಂಡ್’ ಎಂಬ ಪುಸ್ತಕದಿಂದ. ಆದರೆ ಹೆಸರು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಮುಂಬಯಿ ಮತ್ತು ಅದರ ಉಪನಗರಗಳ ನೆಲದಲ್ಲಿ ಈ ಬೇಸಾಯ ನಡೆದಿತ್ತು.

ತೆಂಗಿನ ಬುಡದ ಮೀನು, ಸಸಿಮಡಿಯ ಬೂದಿ

ಮುಂಬಯಿ ಏಳು ಬಿಡಿ ದ್ವೀಪಗಳಾಗಿದ್ದ ಕಾಲದಲ್ಲಿ ಅಲ್ಲಿನ ಮುಖ್ಯ ಬೆಳೆಗಳು ತೆಂಗು ಮತ್ತು ಭತ್ತ. ತೋಟಗಾರರು ಕಡಲಿನಲ್ಲಿ ಹೇರಳವಾಗಿ ಸಿಗುತ್ತಿದ್ದ ಸಣ್ಣ ಮೀನುಗಳನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. 1727ರಲ್ಲಿ ಪ್ರಕಟವಾದ ಅಲೆಗ್ಸಾಂಡರ್ ಹ್ಯಾಮಿಲ್ಟನ್ನನ ಪ್ರವಾಸ ಗ್ರಂಥವು ಈ ಮೀನುಗೊಬ್ಬರವನ್ನು ಮುಂಬಯಿಯ ಅನಾರೋಗ್ಯಕ್ಕೆ ಒಂದು ಕಾರಣವೆಂದು ಹೆಸರಿಸುತ್ತದೆ. ರೋಗಗಳು ಕೆಟ್ಟ ಗಾಳಿಯಿಂದ ಹರಡುತ್ತವೆಂದು ನಂಬಿದ್ದ ಯುರೋಪಿಯನ್ನರಿಗೆ ಕೊಳೆತ ಮೀನಿನ ವಾಸನೆ ಸಾವಿನ ಸೂಚನೆಯಾಗಿ ಕಂಡಿತು. ತೋಟಗಾರನಿಗೆ ಅದೇ ವಾಸನೆ ಮುಂದಿನ ಫಸಲಿನ ಭರವಸೆಯಾಗಿತ್ತು. ಉಡುಪಿ, ಮಂಗಳೂರು, ಕಾರವಾರಗಳ ಕರಾವಳಿಯಲ್ಲಿ ತೆಂಗಿನ ಬುಡಕ್ಕೆ ಮೀನುಗೊಬ್ಬರ ಹಾಕುವುದನ್ನು ಕಂಡ ಕನ್ನಡಿಗರಿಗೆ ಈ ಪದ್ಧತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊಬ್ಬರವನ್ನು ಕೊಳೆಯೆಂದು ಕಾಣುವ ನಗರಾಡಳಿತದ ದೃಷ್ಟಿ ಮತ್ತು ಅದನ್ನೇ ಸಂಪತ್ತೆಂದು ಕಾಣುವ ಬೇಸಾಯಗಾರನ ದೃಷ್ಟಿ ಇವೆರಡರ ನಡುವಿನ ಅಂತರ ಮುಂದಿನ ಇನ್ನೂರು ವರ್ಷಗಳ ಉದ್ದಕ್ಕೂ ಹಿಗ್ಗುತ್ತ ಹೋಯಿತು.

ದ್ವೀಪಗಳ ಉತ್ತರಕ್ಕಿರುವ ಸಾಷ್ಟಿ, ಎಂದರೆ ಇಂದಿನ ಬಾಂದ್ರಾದಿಂದ ದಹಿಸರ್ ಮತ್ತು ಮುಲುಂಡಿನವರೆಗಿನ ಉಪನಗರಗಳನ್ನು ಒಳಗೊಂಡ ಭೂಭಾಗ, ಭತ್ತದ ಗದ್ದೆಗಳ ನಾಡಾಗಿತ್ತು. ಕುಣಬಿಗಳು, ಆಗರಿಗಳು, ವಾರ್ಲಿಗಳು ಮತ್ತು ಈಸ್ಟ್ ಇಂಡಿಯನ್ ಎಂದು ಕರೆಯಲ್ಪಡುವ ಸ್ಥಳೀಯ ಕ್ರೈಸ್ತರು ಇಲ್ಲಿ ಬೇಸಾಯ ಮಾಡುತ್ತಿದ್ದರು. ಉತ್ತರ ಕೊಂಕಣದ ಈ ಭಾಗದಲ್ಲಿ ‘ರಾಬ್’ ಎಂಬ ಪದ್ಧತಿ ರೂಢಿಯಲ್ಲಿತ್ತು. ಮಳೆಗಾಲಕ್ಕೆ ಮುನ್ನ ಸಸಿಮಡಿಯ ಮೇಲೆ ಸೆಗಣಿ, ಸೊಪ್ಪಿನ ಕೊಂಬೆಗಳು, ಒಣಹುಲ್ಲು ಇವನ್ನು ಒಂದರ ಮೇಲೊಂದು ಹರಡಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ ನಿಧಾನವಾಗಿ ಸುಡುವುದು, ಆ ಬೂದಿ ಬೆರೆತ ಬಿಸಿಮಣ್ಣಿನಲ್ಲಿ ಭತ್ತದ ಬೀಜ ಬಿತ್ತುವುದು ಇದರ ಕ್ರಮ. ದಕ್ಷಿಣ ಕನ್ನಡದಲ್ಲಿ ತರಕಾರಿಗೆ ಹಾಕುವ ‘ಸುಡುಮಣ್ಣು’ ಇದಕ್ಕೆ ಹತ್ತಿರದ ನೆಂಟ. ರಾಬ್‌ಗಾಗಿ ಕೊಂಬೆ ಕಡಿಯುವುದನ್ನು ಅರಣ್ಯ ಇಲಾಖೆ ನಿರ್ಬಂಧಿಸಿದಾಗ ಠಾಣೆ ಮತ್ತು ಕೊಲಾಬಾ ಜಿಲ್ಲೆಗಳ ರೈತರಲ್ಲಿ ಎದ್ದ ಅಸಮಾಧಾನವೇ 1885ರಿಂದ 1887ರವರೆಗೆ ವಿಚಾರಣೆ ನಡೆಸಿದ ಮುಂಬಯಿ ಅರಣ್ಯ ಆಯೋಗದ ಮುಂದಿದ್ದ ದೊಡ್ಡ ಪ್ರಶ್ನೆಗಳಲ್ಲಿ ಒಂದಾಯಿತು. ಭಾರತದ ಬೇಸಾಯವನ್ನು ಸುಧಾರಿಸುವ ದಾರಿ ಹುಡುಕಲು ಬಂದ ರಸಾಯನ ವಿಜ್ಞಾನಿ ಜಾನ್ ಆಗಸ್ಟಸ್ ವೋಲ್ಕರ್ 1893ರ ತನ್ನ ವರದಿಯಲ್ಲಿ ಇಲ್ಲಿನ ರೈತರು ದಡ್ಡರೆಂಬ ಮಾತನ್ನು ತಳ್ಳಿಹಾಕಿ, ಸೌದೆಯ ಅಭಾವದಿಂದ ಸೆಗಣಿ ಒಲೆ ಸೇರುತ್ತಿರುವುದೇ ಭೂಮಿ ಸೊರಗಲು ಕಾರಣವೆಂದು ಬರೆದನು. ಇಷ್ಟು ಗಟ್ಟಿಯಾದ ತಿಳಿವು ಗದ್ದೆಯ ಬದುವಿನ ಮೇಲೆ ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ದಾಟುತ್ತಿದ್ದರೂ ಅದು ಶಾಲೆಯ ಹೊಸ್ತಿಲನ್ನು ತುಳಿಯಲಿಲ್ಲ.

ತೋಟ ಒಂದು ಕಡೆ, ಕಸ ಇನ್ನೊಂದು ಕಡೆ

ಸಸ್ಯಗಳ ಬಗ್ಗೆ ಮುಂಬಯಿ ನಗರಕ್ಕೆ ಆಸಕ್ತಿಯೇ ಇರಲಿಲ್ಲವೆಂದು ಹೇಳಲಾಗದು. 1830ರಲ್ಲಿ ಸ್ಥಾಪನೆಯಾದ ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕೆ ಸಂಘವು ಶಿವಡಿಯಲ್ಲಿ ಒಂದು ತೋಟವನ್ನು ನಡೆಸಿತು. ಆ ಜಾಗ 1860ರ ದಶಕದಲ್ಲಿ ಸ್ಮಶಾನಕ್ಕೆ ಹೋಯಿತು. ಭಾಯಖಳಾದಲ್ಲಿ 1862ರಲ್ಲಿ ತೆರೆದ ವಿಕ್ಟೋರಿಯಾ ಉದ್ಯಾನ, ಎಂದರೆ ಇಂದಿಗೂ ಜನ ‘ರಾಣಿ ಬಾಗ್’ ಎಂದು ಕರೆಯುವ ಜೀಜಾಬಾಯಿ ಭೋಸಲೆ ಉದ್ಯಾನ, ಇದೇ ಸಂಘದ ಶ್ರಮದಿಂದ ರೂಪುಗೊಂಡಿತು. ಹೊರದೇಶದ ಗಿಡಗಳನ್ನು ತಂದು ಬೆಳೆಸುವುದು, ಹೂವಿನ ಪ್ರದರ್ಶನ ನಡೆಸುವುದು, ನಗರವಾಸಿಗಳ ಅಭಿರುಚಿಯನ್ನು ತಿದ್ದುವುದು ಈ ತೋಟಗಾರಿಕೆಯ ಗುರಿಗಳಾಗಿದ್ದವು. ತಲೆಮಾರುಗಳ ಶಾಲಾಮಕ್ಕಳು ರಾಣಿ ಬಾಗಿಗೆ ಪ್ರವಾಸ ಹೋಗಿ ಗಿಡಗಳ ಹೆಸರು ಓದಿ ಬಂದರು. ಗಿಡ ಬೆಳೆಯುವ ಮಣ್ಣನ್ನು ಮಾಡುವ ಕೆಲಸ ಅವರ ಕಣ್ಣಿಗೆ ಬೀಳಲಿಲ್ಲ.

ಅದೇ ಕಾಲದಲ್ಲಿ ಗಿರಣಿಗಳ ನಗರ ಬೆಳೆದಂತೆ ಅದರ ಕಸವೂ ಬೆಳೆಯಿತು. ಕುರ್ಲಾದಿಂದ ಚೆಂಬೂರಿನ ಕಡೆಗೆ 1906ರಲ್ಲಿ ಹಾಕಿದ ರೈಲುಹಳಿಯ ಮೇಲೆ ನಗರದ ಕಸ ಹೊತ್ತ ಗಾಡಿಗಳು ಓಡಾಡಿದವು. ಆ ಹಳಿಯ ಮೇಲೆ ಪ್ರಯಾಣಿಕರ ಗಾಡಿ ಬಂದದ್ದು 1924ರಲ್ಲಿ. 1927ರಿಂದ ದೇವನಾರದ ಜೌಗುನೆಲದಲ್ಲಿ ಕಸ ಸುರಿಯುವ ಪರಿಪಾಠ ಆರಂಭವಾಯಿತು. ಊರಿನ ಕಸ ಊರಿನ ಹೊಲಕ್ಕೆ ಮರಳುವ ಚಕ್ರ ಇಲ್ಲಿಗೆ ಕಡಿದುಹೋಗಿ, ಮಣ್ಣಿಗೆ ಸೇರಬೇಕಾದ ತರಕಾರಿ ಸಿಪ್ಪೆ, ಎಲೆ, ಹುಲ್ಲು, ಲಾಯದ ಲದ್ದಿ ಎಲ್ಲವೂ ಒಂದೇ ರಾಶಿಯಲ್ಲಿ ಬೆರೆತು, ಯಾರ ಹೊಲಕ್ಕೂ ಸೇರದೆ ಕೊಳೆಯತೊಡಗಿದವು.

ಲೋಣಿಯ ಶಾಲೆ, ಇಂದೋರಿನ ಗುಂಡಿ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿ ಪ್ರಾಂತ್ಯದ ಸರ್ಕಾರವು ದೇಶಭಾಷೆಯಲ್ಲಿ ಬೇಸಾಯ ಕಲಿಸುವ ಶಾಲೆಗಳನ್ನು ತೆರೆಯಿತು. ಪುಣೆಯ ಬಳಿಯ ಲೋಣಿಯಲ್ಲಿ ನಡೆದ ಶಾಲೆ ಇವುಗಳಿಗೆ ಮಾದರಿಯಾದ್ದರಿಂದ ‘ಲೋಣಿ ಮಾದರಿ’ ಎಂಬ ಹೆಸರೇ ಹುಟ್ಟಿಕೊಂಡಿತು. ರೈತರ ಮಕ್ಕಳು ವಸತಿಯಲ್ಲಿದ್ದು ಅರ್ಧ ಹೊತ್ತು ಪುಸ್ತಕ, ಅರ್ಧ ಹೊತ್ತು ಶಾಲೆಯ ಹೊಲದ ಕೆಲಸ ಎಂಬಂತೆ ಕಲಿಯುವುದು ಇದರ ಲಕ್ಷಣ. ಆಗ ಇದೇ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ದೇವಿಹೊಸೂರಿನಲ್ಲಿ ಕನ್ನಡದಲ್ಲಿ ಕಲಿಸುವ ಇಂಥ ಶಾಲೆ ಇತ್ತು. ಇದರ ಜೊತೆಗೆ ಸಾಮಾನ್ಯ ಶಾಲೆಗಳ ಮೇಲಿನ ತರಗತಿಗಳಿಗೆ ಬೇಸಾಯದ ವಿಷಯವನ್ನು ಸೇರಿಸುವ ‘ಕೃಷಿ ಒಲವಿನ’ ತರಗತಿಗಳು 1920ರ ದಶಕದಲ್ಲಿ ಬಂದವು. ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಜ ಕೃಷಿ ಆಯೋಗ 1928ರ ತನ್ನ ವರದಿಯಲ್ಲಿ ಪಂಜಾಬಿನ ಮತ್ತು ಮುಂಬಯಿಯ ಮಾದರಿಗಳೆರಡನ್ನೂ ತೂಗಿನೋಡಿ, ಬೇಸಾಯಕ್ಕೆಂದೇ ಮೀಸಲಾದ ಪ್ರತ್ಯೇಕ ಶಾಲೆಗಿಂತ ಸಾಮಾನ್ಯ ಶಿಕ್ಷಣದ ಒಳಗೇ ಬೇಸಾಯವನ್ನು ಬೆಸೆದ ಪಂಜಾಬಿನ ರೀತಿಗೆ ಒಲವು ತೋರಿಸಿತು.

ಈ ಎರಡು ಮಾದರಿಗಳೂ ಹಳ್ಳಿಗಾಗಿ ಹುಟ್ಟಿದವು. ಮುಂಬಯಿ ನಗರದ ಪ್ರೌಢಶಾಲೆಯ ಮೇಲೆ ಹಿಡಿತವಿದ್ದುದು ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ. ಆ ಪರೀಕ್ಷೆಯನ್ನು ದಾಟಿದವನಿಗೆ ಗುಮಾಸ್ತಿಕೆ ಸಿಗುತ್ತಿತ್ತು. ಕನ್ನಡಿಗರ ಶಾಲೆಗಳನ್ನು ಗಮನಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿ ಆರಂಭಿಸಿದ ರಾತ್ರಿಶಾಲೆಯೂ ಅನಂತರ ಬಂದ ಇತರ ಕನ್ನಡ ರಾತ್ರಿಶಾಲೆಗಳೂ ಹಗಲು ಹೋಟೆಲು, ಕಚೇರಿ, ಅಂಗಡಿಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ನಡೆದವು. ತುಳುನಾಡಿನ ಗದ್ದೆ, ತೋಟ, ಕಡಲುಗಳನ್ನು ಬಿಟ್ಟು ಬಂದ ಆ ಹುಡುಗರಲ್ಲಿ ಬೇಸಾಯದ ತಿಳಿವು ಮೊದಲೇ ಇತ್ತು. ಅವರು ಹುಡುಕಿಕೊಂಡು ಬಂದದ್ದು ಅಕ್ಷರ, ಲೆಕ್ಕ ಮತ್ತು ಇಂಗ್ಲಿಷ್. ಹಳ್ಳಿಯಿಂದ ಬಿಡುಗಡೆ ಕೊಡುವ ಬಾಗಿಲೆಂದು ಶಾಲೆಯನ್ನು ನಂಬಿದವರಿಗೆ ಅದೇ ಶಾಲೆಯಲ್ಲಿ ಮತ್ತೆ ಗುದ್ದಲಿ ಕೊಡುವ ಮಾತು ಹಿತವಾಗಿ ಕೇಳಿಸದಿದ್ದರೆ ಅದಕ್ಕೆ ಅವರನ್ನು ದೂರುವಂತಿಲ್ಲ.

ಮುಂದೆ ಸಾವಯವ ಕೃಷಿಯ ವೈಜ್ಞಾನಿಕ ತಳಹದಿಯಾದ ಕೆಲಸ ಅದೇ ವರ್ಷಗಳಲ್ಲಿ ಇಂದೋರಿನಲ್ಲಿ ನಡೆಯುತ್ತಿತ್ತು. 1924ರಲ್ಲಿ ಅಲ್ಲಿನ ಸಸ್ಯೋದ್ಯಮ ಸಂಸ್ಥೆಗೆ ಬಂದ ಆಲ್ಬರ್ಟ್ ಹೋವರ್ಡ್, ತನ್ನ ಸಹೋದ್ಯೋಗಿ ಯಶವಂತ ವಾಡ್ ಅವರೊಂದಿಗೆ ಸೇರಿ ‘ಇಂದೋರ್ ವಿಧಾನ’ವನ್ನು ರೂಪಿಸಿ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಹೊಲದ ಕಸಕಡ್ಡಿ, ಸೆಗಣಿ, ಗಂಜಲ ನೆನೆದ ಮಣ್ಣು, ಹುಳಿಯನ್ನು ತಗ್ಗಿಸಲು ಒಲೆಯ ಬೂದಿ ಇವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಗಾಳಿಯಾಡುವಂತೆ ಮೂರು ಸಲ ಮಗುಚಿದರೆ ಸುಮಾರು ಮೂರು ತಿಂಗಳಲ್ಲಿ ಕಪ್ಪಾದ, ಪುಡಿಪುಡಿಯಾದ ಗೊಬ್ಬರ ಸಿದ್ಧವಾಗುತ್ತದೆ. ಹೊಲವೇ ಇಲ್ಲದ ನಗರಕ್ಕೆ ಇನ್ನೂ ಹತ್ತಿರದ ವಿಧಾನ ಬಂದದ್ದು ಬೆಂಗಳೂರಿನಿಂದ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ‘ಬೆಂಗಳೂರು ವಿಧಾನ’ದಲ್ಲಿ ಪೇಟೆಯ ಕಸ ಮತ್ತು ಮಲವನ್ನು ಕಂದಕದಲ್ಲಿ ಪದರಗಳಾಗಿ ತುಂಬಿ ಮೇಲೆ ಮಣ್ಣು ಮೆತ್ತಿ, ಮಗುಚುವ ಗೋಜಿಲ್ಲದೆ ಕೆಲವು ತಿಂಗಳು ಕಳಿಯಲು ಬಿಡಲಾಗುತ್ತಿತ್ತು. ನಗರವು ತನ್ನ ಕಸದಿಂದಲೇ ಮಣ್ಣು ಮಾಡಬಲ್ಲದೆಂಬುದಕ್ಕೆ ಹೀಗೆ ವಿಜ್ಞಾನದ ಆಧಾರ ಸಿಕ್ಕಿತು. ಶಾಲೆಗೂ ಈ ಗುಂಡಿಗೂ ನಂಟು ಬೆಳೆಯಲು ಮಾತ್ರ ಇನ್ನೂ ಕಾಲ ಬೇಕಾಯಿತು.

ತಕಲಿ ಮತ್ತು ಗುದ್ದಲಿ

1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಮಂಡಿಸಿದ ‘ನಯೀ ತಾಲೀಮ್’, ಕನ್ನಡದಲ್ಲಿ ಮೂಲಶಿಕ್ಷಣವೆಂದು ಹೆಸರಾದದ್ದು, ಕೈಕೆಲಸವನ್ನು ಪಾಠದ ನಡುವೆ ತಂದಿತು. ಒಂದು ಕಸುಬನ್ನು ಕಲಿಯುತ್ತಲೇ ಅದರ ಮೂಲಕ ಗಣಿತ, ವಿಜ್ಞಾನ, ಸಮಾಜಗಳನ್ನು ತಿಳಿಯುವುದು ಇದರ ತತ್ತ್ವ. ಜಾಕಿರ್ ಹುಸೇನ್ ಸಮಿತಿ ಇದಕ್ಕೆ ಪಠ್ಯರೂಪ ಕೊಟ್ಟಾಗ ನೂಲುವುದು, ನೇಯುವುದು, ಮರಗೆಲಸಗಳ ಜೊತೆ ಬೇಸಾಯ ಹಾಗೂ ಹಣ್ಣು ತರಕಾರಿಗಳ ತೋಟಗಾರಿಕೆಯೂ ಕಸುಬಿನ ಪಟ್ಟಿಯಲ್ಲಿ ಸ್ಥಾನ ಪಡೆದವು. ಸಮಿತಿಯಲ್ಲಿದ್ದ ಜೆ. ಸಿ. ಕುಮಾರಪ್ಪ ಮುಂಬಯಿಯಲ್ಲಿ ಲೆಕ್ಕಪರಿಶೋಧಕರಾಗಿದ್ದವರು. ಅದನ್ನು ಬಿಟ್ಟು ಗ್ರಾಮೋದ್ಯೋಗಕ್ಕೆ ಇಳಿದ ಮೇಲೆ ಅವರು ಮಲವೂ ಸೇರಿದಂತೆ ಎಲ್ಲ ಜೈವಿಕ ತ್ಯಾಜ್ಯವೂ ಹೊಲಕ್ಕೆ ಮರಳಬೇಕೆಂದು ವಾದಿಸಿದರು, ರಸಗೊಬ್ಬರದ ಮೇಲಿನ ಅವಲಂಬನೆಯನ್ನು ವಿರೋಧಿಸಿದರು. ಭೂಮಿಯಿಂದ ಪಡೆದದ್ದನ್ನು ಭೂಮಿಗೆ ಹಿಂತಿರುಗಿಸದ ಅರ್ಥವ್ಯವಸ್ಥೆ ಬಾಳದೆಂಬ ಲೆಕ್ಕಪರಿಶೋಧಕನ ಈ ತರ್ಕ ಅವರ ‘ಎಕಾನಮಿ ಆಫ್ ಪರ್ಮನೆನ್ಸ್’ ಗ್ರಂಥದಲ್ಲಿ ವಿಸ್ತಾರ ಪಡೆಯಿತು.

ಬಿ. ಜಿ. ಖೇರ್ ಅವರ ಮಂತ್ರಿಮಂಡಲ 1937ರಿಂದ 1939ರವರೆಗೆ, ಮತ್ತೆ 1946ರ ಬಳಿಕ, ಮುಂಬಯಿ ಪ್ರಾಂತ್ಯದಲ್ಲಿ ಮೂಲಶಿಕ್ಷಣವನ್ನು ಜಾರಿಗೆ ತರಲು ಯತ್ನಿಸಿತು. ಶಿಕ್ಷಕರ ತರಬೇತಿಗೆ ಆಯ್ದ ಸ್ಥಳಗಳಲ್ಲಿ ಲೋಣಿಯೂ ಧಾರವಾಡವೂ ಇದ್ದವು. ರಾಜಧಾನಿಯ ಶಾಲೆಗಳ ಸ್ಥಿತಿ ಬೇರೆಯಾಗಿತ್ತು. ಚಾಳಿನ ನಡುವೆ, ಅಂಗಡಿಯ ಮಾಳಿಗೆಯ ಮೇಲೆ ನಡೆಯುವ ಶಾಲೆಯಲ್ಲಿ ತಕಲಿ ಹಿಡಿಸುವುದು ಸುಲಭ, ಗುದ್ದಲಿ ಹಿಡಿಸುವುದು ಕಷ್ಟ. ಹೀಗಾಗಿ ನಗರದಲ್ಲಿ ಮೂಲಶಿಕ್ಷಣವೆಂದರೆ ನೂಲುವುದು ಎಂಬ ಭಾವನೆ ಬೆಳೆಯಿತು. ಎರಡನೆಯ ಮಹಾಯುದ್ಧದ ಕಾಲದ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ಖಾಲಿ ಜಾಗಗಳಲ್ಲಿ ತರಕಾರಿ ಬೆಳೆಸುವ ಕರೆ ಕೊಟ್ಟಿತು. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಮುಂಬಯಿಯ ಕೆ. ಎಂ. ಮುನ್ಶಿ ಆರಂಭಿಸಿದ ವನಮಹೋತ್ಸವ ಪ್ರತಿ ಶಾಲೆಯ ಅಂಗಳದಲ್ಲೂ ಗಿಡ ನೆಡುವ ವಾರ್ಷಿಕ ಆಚರಣೆಯಾಯಿತು. ಆದರೆ ನೆಟ್ಟ ಗಿಡಕ್ಕೆ ಮಣ್ಣು ಮತ್ತು ಗೊಬ್ಬರ ಒದಗಿಸುವ ವರ್ಷಪೂರ್ತಿಯ ಕೆಲಸ ಪಾಠವಾಗದೆ ಜವಾನನ ಪಾಲಿಗೆ ಉಳಿಯಿತು.

ಅಂಕವಿಲ್ಲದ ವಿಷಯ

ಸ್ವಾತಂತ್ರ್ಯಾನಂತರ ಉಪನಗರಗಳ ಚಹರೆಯೇ ಬದಲಾಯಿತು. 1950 ಮತ್ತು 1957ರ ಎರಡು ವಿಸ್ತರಣೆಗಳಲ್ಲಿ ಸಾಷ್ಟಿಯ ಹಳ್ಳಿಗಳು ಬೃಹನ್ಮುಂಬಯಿಗೆ ಸೇರಿದವು, ಗದ್ದೆಗಳ ಮೇಲೆ ಕಾಲೊನಿಗಳೂ ಕಾರ್ಖಾನೆಗಳೂ ಎದ್ದವು. 1965ರಲ್ಲಿ ಚೆಂಬೂರಿನ ಟ್ರಾಂಬೆಯಲ್ಲಿ ಭಾರತೀಯ ರಸಗೊಬ್ಬರ ನಿಗಮದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1978ರಲ್ಲಿ ರಾಷ್ಟ್ರೀಯ ಕೆಮಿಕಲ್ಸ್ ಆಂಡ್ ಫರ್ಟಿಲೈಜರ್ಸ್ ಎಂಬ ಹೊಸ ಸಂಸ್ಥೆಯ ಆಡಳಿತಕ್ಕೆ ಬಂದ ಈ ಕಾರ್ಖಾನೆಯ ‘ಸುಫಲಾ’ ಚೀಲಗಳು ಕರ್ನಾಟಕದ ಹಳ್ಳಿಗಳಿಗೂ ತಲುಪಿದವು. ನಗರದ ಹಸಿಕಸವನ್ನು ಹೊತ್ತು ಬಂದು ಸುರಿದ ದೇವನಾರ ಮತ್ತು ಹೊಲಗಳಿಗೆ ರಸಗೊಬ್ಬರವನ್ನು ತಯಾರಿಸಿ ಕಳುಹಿಸಿದ ಟ್ರಾಂಬೆ ಒಂದೇ ಉಪನಗರದ ಎರಡು ಮಗ್ಗುಲಲ್ಲಿವೆ. ಹಳೆಯ ಬೇಸಾಯದಲ್ಲಿ ಒಂದೇ ಆಗಿದ್ದ ಕಸ ಮತ್ತು ಗೊಬ್ಬರ ಹೇಗೆ ಬೇರೆ ಬೇರೆ ದಾರಿ ಹಿಡಿದವೆಂಬುದನ್ನು ವಿದ್ಯಾರ್ಥಿಗೆ ತೋರಿಸಲು ಇದಕ್ಕಿಂತ ಹತ್ತಿರದ ಭೂಪಟ ಮುಂಬಯಿಯಲ್ಲಿಲ್ಲ.

1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಶಿಕ್ಷಣ ಆಯೋಗವು ಕೃಷಿ ಶಿಕ್ಷಣದ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡಿತು. ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದ ಜೆ. ಪಿ. ನಾಯಿಕ್ ಕೊಲ್ಹಾಪುರ ಸೀಮೆಯವರು. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದ್ದವರು, 1948ರಲ್ಲಿ ಮುಂಬಯಿಯಲ್ಲಿ ಭಾರತೀಯ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರು. ಎಳೆಯ ವಯಸ್ಸಿನ ಮಕ್ಕಳನ್ನು ಬೇಸಾಯದ ಕಸುಬಿಗೆ ತಯಾರು ಮಾಡುವುದು ಶಾಲೆಯ ಕೆಲಸವಲ್ಲ, ಆದರೆ ಬೇಸಾಯದ ಪರಿಚಯ ಎಲ್ಲರ ಸಾಮಾನ್ಯ ಶಿಕ್ಷಣದ ಅಂಗವಾಗಬೇಕು ಎಂಬುದು ಆಯೋಗದ ನಿಲುವಾಗಿತ್ತು. ಅದು ಸೂಚಿಸಿದ ‘ಕಾರ್ಯಾನುಭವ’, ಎಂದರೆ ಉತ್ಪಾದಕ ಕೆಲಸದಲ್ಲಿ ಪಾಲ್ಗೊಂಡು ಕಲಿಯುವುದು, ಮಹಾರಾಷ್ಟ್ರದ ಶಾಲೆಗಳ ವೇಳಾಪಟ್ಟಿಯಲ್ಲಿ ಸ್ಥಾನ ಪಡೆಯಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಇದನ್ನೇ ‘ಸಮಾಜೋಪಯೋಗಿ ಉತ್ಪಾದಕ ಕೆಲಸ’ ಎಂದು ಕರೆಯಿತು. ಹೆಸರುಗಳು ಬದಲಾದವು, ಕಷ್ಟ ಒಂದೇ ಉಳಿಯಿತು. ಹತ್ತನೆಯ ತರಗತಿಯ ಒಟ್ಟು ಅಂಕಗಳಲ್ಲಿ ಲೆಕ್ಕಕ್ಕೆ ಬಾರದ, ಬರಿಯ ಶ್ರೇಣಿಯಲ್ಲಿ ಮುಗಿಯುವ ವಿಷಯಕ್ಕೆ ಮೀಸಲಾದ ಅವಧಿಯನ್ನು ಗಣಿತ, ವಿಜ್ಞಾನಗಳು ನುಂಗಿಹಾಕುವುದು ಸಹಜವಾಗಿತ್ತು. ಕಾಗದದ ಹೂ, ಮೇಣದಬತ್ತಿ, ಹೊಲಿಗೆಗಳು ಒಂದು ಕೋಣೆಯಲ್ಲಿ ಮುಗಿಯುವ ಕೆಲಸಗಳಾದ್ದರಿಂದ ಸ್ಥಳಾಭಾವದ ಶಾಲೆಗಳಿಗೆ ಅವು ಒಗ್ಗಿದವು.

ಪಾಬಳದಿಂದ ಬಂದ ದಾರಿ

ಈ ಸ್ಥಿತಿಗೆ ಗಂಭೀರವಾದ ಉತ್ತರ ಕೊಟ್ಟವರು ಮುಂಬಯಿಯ ಒಬ್ಬ ವಿಜ್ಞಾನಿ. ಶ್ರೀನಾಥ ಕಲಬಾಗ್ ಅವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಕೆಲಸ ಮಾಡಿ, ಬಳಿಕ ಮುಂಬಯಿಯ ಹಿಂದೂಸ್ತಾನ್ ಲೀವರ್ ಸಂಶೋಧನಾ ಕೇಂದ್ರದಲ್ಲಿ ದೀರ್ಘಕಾಲ ದುಡಿದವರು. ಅವರು ನಗರವನ್ನು ಬಿಟ್ಟು 1983ರಲ್ಲಿ ಪುಣೆ ಜಿಲ್ಲೆಯ ಮಳೆ ಕಡಿಮೆಯಿರುವ ಪಾಬಳ ಎಂಬ ಹಳ್ಳಿಯಲ್ಲಿ ವಿಜ್ಞಾನ ಆಶ್ರಮವನ್ನು ಕಟ್ಟಿದರು. ನಾಯಿಕ್ ಅವರು ಸ್ಥಾಪಿಸಿ ಆ ಹೊತ್ತಿಗೆ ಪುಣೆಗೆ ಸ್ಥಳಾಂತರಗೊಂಡಿದ್ದ ಭಾರತೀಯ ಶಿಕ್ಷಣ ಸಂಸ್ಥೆಯೇ ಈ ಆಶ್ರಮಕ್ಕೆ ಆಸರೆಯಾಯಿತು. ಹೀಗೆ ಕೊಠಾರಿ ಆಯೋಗದ ಕಾಗದದ ಮಾತಿಗೂ ಪಾಬಳದ ಮಣ್ಣಿಗೂ ನೇರ ನಂಟು ಬೆಳೆಯಿತು.

ಆಶ್ರಮವು ರೂಪಿಸಿದ ‘ಮೂಲ ತಂತ್ರಜ್ಞಾನದ ಪರಿಚಯ’ ಎಂಬ ಪಠ್ಯಕ್ರಮವನ್ನು ಮಹಾರಾಷ್ಟ್ರದ ಮಾಧ್ಯಮಿಕ ಶಿಕ್ಷಣ ಮಂಡಳಿ 1980ರ ದಶಕದ ಕೊನೆಯ ಹೊತ್ತಿಗೆ ವೃತ್ತಿಪೂರ್ವ ವಿಷಯವಾಗಿ ಅಂಗೀಕರಿಸಿತು. ಎಂಟರಿಂದ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ವಾರದಲ್ಲಿ ಒಂದು ದಿನ ಕೈಕೆಲಸದಲ್ಲಿ ತೊಡಗುವ ಈ ವ್ಯವಸ್ಥೆಯಲ್ಲಿ ಯಂತ್ರ ಮತ್ತು ಕಟ್ಟಡ, ಇಂಧನ ಮತ್ತು ಪರಿಸರ, ಮನೆ ಮತ್ತು ಆರೋಗ್ಯ ಇವುಗಳ ಜೊತೆಗೆ ಕೃಷಿ ಮತ್ತು ಪಶುಪಾಲನೆಯೂ ಒಂದು ಭಾಗ. ಇದರ ಬಲ ಎರಡು ಬಗೆಯದು. ಒಂದನೆಯದಾಗಿ, ಇದು ಅಂಕವಿರುವ ವಿಷಯ. ಎರಡನೆಯದಾಗಿ, ವಿದ್ಯಾರ್ಥಿ ಮಾಡುವ ಕೆಲಸ ಊರಿಗೆ ಬೇಕಾದ ನಿಜವಾದ ಕೆಲಸವಾಗಿದ್ದು, ಗಿಡದ ಲೆಕ್ಕ, ಗೊಬ್ಬರದ ತೂಕ, ಖರ್ಚು ವೆಚ್ಚಗಳೆಲ್ಲ ಪಾಠದ ಒಳಗೇ ಬರುತ್ತವೆ. ಈ ಮಾದರಿ ಬೆಳೆದದ್ದು ಹಳ್ಳಿಗಳ ಪ್ರೌಢಶಾಲೆಗಳಲ್ಲಿ. ಮುಂಬಯಿಗೆ ಅದು ಕಲಿಸಿದ ಪಾಠವೆಂದರೆ ಕೈಯ ಕೆಲಸಕ್ಕೆ ಪೂರ್ತಿ ದಿನವೂ ಪೂರ್ತಿ ಅಂಕವೂ ಸಿಕ್ಕರೆ ಮಾತ್ರ ಅದು ಶಾಲೆಯಲ್ಲಿ ಉಳಿಯುತ್ತದೆ ಎಂಬುದು.

ಕಬ್ಬಿನ ಸಿಪ್ಪೆಯ ತೋಟ

ನಗರಕ್ಕೆ ಬೇಕಾದ ಕೃಷಿವಿಧಾನ ಶಾಲೆಯ ಹೊರಗೆ, ಮನೆಗಳ ತಾರಸಿಗಳ ಮೇಲೆ ರೂಪುಗೊಂಡಿತು. ಅರ್ಥಶಾಸ್ತ್ರಜ್ಞರಾದ ಡಾ. ಆರ್. ಟಿ. ದೋಶಿ ಅವರು ಮುಂಬಯಿಯ ತಾರಸಿಯ ಮೇಲೆ ಮಾಡಿ ತೋರಿಸಿದ ‘ನಗರ ಬೇಸಾಯ’ದಲ್ಲಿ ಬೀದಿಬದಿಯ ಕಬ್ಬಿನಹಾಲಿನ ಅಂಗಡಿಗಳು ಬಿಸಾಡುವ ಸಿಪ್ಪೆಯೇ ಮುಖ್ಯ ಸಾಮಗ್ರಿ. ಪ್ಲಾಸ್ಟಿಕ್ ಚೀಲ ಅಥವಾ ಪೀಪಾಯಿಯ ಬಹುಪಾಲನ್ನು ಕಬ್ಬಿನ ಸಿಪ್ಪೆಯಿಂದ ತುಂಬಿ, ಮೇಲೆ ಕಾಂಪೋಸ್ಟ್ ಮತ್ತು ಸ್ವಲ್ಪ ಮಣ್ಣು ಹಾಕಿ ಗಿಡ ನೆಟ್ಟರೆ, ಸಿಪ್ಪೆ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ತಾನೇ ಗೊಬ್ಬರವಾಗುತ್ತದೆ. ಮಣ್ಣಿಗಿಂತ ಹಗುರವಾದ್ದರಿಂದ ತಾರಸಿಗೆ ಭಾರವೂ ಆಗುವುದಿಲ್ಲ.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದ ಚಿಂತನೆ ಕೊಲ್ಹಾಪುರದ ಗಣಿತದ ಅಧ್ಯಾಪಕ ಶ್ರೀಪಾದ ದಾಭೋಳ್ಕರ್ ಅವರದು. ‘ಪ್ರಯೋಗ ಪರಿವಾರ’ ಎಂಬ ಬಳಗದ ಮೂಲಕ ಅವರು ರೈತರನ್ನೇ ಪ್ರಯೋಗಕಾರರನ್ನಾಗಿ ಮಾಡಿದರು. ಅವರ ವಿಧಾನದಲ್ಲಿ ‘ಅಮೃತಜಲ’ ಎಂಬ ದ್ರವ ಮೊದಲ ಹೆಜ್ಜೆ. ಹತ್ತು ಲೀಟರ್ ನೀರಿಗೆ ಒಂದು ಕಿಲೋ ಹೊಸ ಸೆಗಣಿ, ಒಂದು ಲೀಟರ್ ಗಂಜಲ ಮತ್ತು 50 ಗ್ರಾಂ ಕಪ್ಪುಬೆಲ್ಲ ಕದಡಿ, ಮೂರು ದಿನ ನೆರಳಿನಲ್ಲಿಟ್ಟು ದಿನಕ್ಕೆ ಎರಡು ಮೂರು ಸಲ ತಿರುವಿದರೆ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ನಾಲ್ಕನೆಯ ದಿನ ಅದಕ್ಕೆ ಹತ್ತರಷ್ಟು ನೀರು ಬೆರೆಸಿ ಬಳಸುತ್ತಾರೆ. ಒಣ ಎಲೆಗಳನ್ನು ಈ ನೀರಿನಲ್ಲಿ ಒಂದು ದಿನ ನೆನೆಸಿ, ತೆಳುವಾದ ಮಣ್ಣಿನ ಪದರಗಳ ನಡುವೆ ಹರಡಿ ಕಳಿಯಲು ಬಿಟ್ಟ ಬಳಿಕ, ಆ ಗುಡ್ಡೆಯ ಮೇಲೆ ಬೇರೆ ಬೇರೆ ರುಚಿಯ ಗಿಡಗಳ ಬೀಜಗಳನ್ನು ಒಟ್ಟಿಗೆ ಬಿತ್ತುತ್ತಾರೆ. 21, 42 ಮತ್ತು 63ನೆಯ ದಿನಗಳಲ್ಲಿ ಆ ಸಸಿಗಳನ್ನು ಕತ್ತರಿಸಿ ಮತ್ತೆ ಮಣ್ಣಿಗೇ ಸೇರಿಸುವುದರಿಂದ ಎಳೆಯ, ಬಲಿತ ಮತ್ತು ಮಾಗಿದ ಸಸ್ಯಗಳ ಸತ್ತ್ವವೆಲ್ಲ ಒಂದೆಡೆ ಕೂಡಿ ‘ಅಮೃತಮಿಟ್ಟಿ’, ಎಂದರೆ ಕೈಯಾರೆ ಮಾಡಿದ ಫಲವತ್ತಾದ ಮಣ್ಣು, ಸಿದ್ಧವಾಗುತ್ತದೆ. ಒಂದು ಶಾಲಾ ವರ್ಷದೊಳಗೆ ಆರಂಭದಿಂದ ಕೊನೆಯವರೆಗೆ ನೋಡಬಹುದಾದ, ಅಳೆಯಬಹುದಾದ, ದಿನಚರಿಯಲ್ಲಿ ಬರೆದಿಡಬಹುದಾದ ಈ ಕೆಲಸದಲ್ಲಿ ಪ್ರಮಾಣದ ಲೆಕ್ಕವಿದೆ, ಜೀವಶಾಸ್ತ್ರವಿದೆ, ಕಾಯುವ ತಾಳ್ಮೆಯ ಶಿಕ್ಷಣವೂ ಇದೆ.

ಮುಂಬಯಿ ಬಂದರು ಟ್ರಸ್ಟಿನ ಕೇಂದ್ರ ಅಡುಗೆಮನೆಯ ಅಧಿಕಾರಿಯಾಗಿದ್ದ ಪ್ರೀತಿ ಪಾಟೀಲ್ 2002ರ ಸುಮಾರಿಗೆ ದೋಶಿ ಮತ್ತು ದಾಭೋಳ್ಕರ್ ಅವರ ವಿಧಾನಗಳಿಂದ ಪ್ರೇರಣೆ ಪಡೆದು ಆ ಅಡುಗೆಮನೆಯ ತಾರಸಿಯನ್ನೇ ತೋಟವಾಗಿಸಿದರು. ಸಾವಿರಾರು ನೌಕರರ ಊಟಕ್ಕಾಗಿ ಹೆಚ್ಚಿದ ತರಕಾರಿಯ ಸಿಪ್ಪೆ ಮೇಲೆ ಹೋಗಿ ಮಣ್ಣಾಗುವುದು, ಆ ಮಣ್ಣಿನಲ್ಲಿ ಬೆಳೆದ ಸೊಪ್ಪು, ಹಣ್ಣು ಕೆಳಗಿಳಿದು ಬರುವುದು ಎಂಬ ಸರಳ ಏರ್ಪಾಡು ಅಲ್ಲಿ ನಡೆಯಿತು. ಅವರು ಮುಂದೆ ಕಟ್ಟಿದ ‘ಅರ್ಬನ್ ಲೀವ್ಸ್’ ಬಳಗದ ಮೂಲಕ ಈ ವಿದ್ಯೆ ಗೃಹಸಂಕೀರ್ಣಗಳಿಗೂ ಶಾಲೆಗಳ ತಾರಸಿಗಳಿಗೂ ಹರಡಿತು.

ಧಾರಾವಿ ಮತ್ತು ಮಾಹಿಮಿನ ನಡುವೆ, ಮೀಠಿ ನದಿಯ ದಂಡೆಯಲ್ಲಿರುವ ಮಹಾರಾಷ್ಟ್ರ ನಿಸರ್ಗ ಉದ್ಯಾನವೂ ಇದೇ ಕಥೆಯ ಇನ್ನೊಂದು ರೂಪ. ನಗರದ ಕಸ ಸುರಿದು ದಿಬ್ಬವಾಗಿದ್ದ ಸುಮಾರು 37 ಎಕರೆ ನೆಲದಲ್ಲಿ 1983ರಲ್ಲಿ ಪಕ್ಷಿತಜ್ಞ ಸಾಲಿಂ ಅಲಿ ಅವರ ಕೈಯಿಂದ ಮೊದಲ ಸಸಿ ನೆಡಲಾಯಿತು. 1994ರಲ್ಲಿ ಉದ್ಯಾನ ಸಾರ್ವಜನಿಕರಿಗೆ ತೆರೆಯಿತು. ಇಲ್ಲಿಗೆ ಬರುವ ವಿದ್ಯಾರ್ಥಿ ಎರೆಹುಳು ಗೊಬ್ಬರದ ತೊಟ್ಟಿಯನ್ನೂ ಮಳೆನೀರು ಕೊಯ್ಲನ್ನೂ ನೋಡುವುದರ ಜೊತೆಗೆ ತಾನು ನಿಂತ ಕಾಡಿನ ಅಡಿಯಲ್ಲಿರುವುದು ತನ್ನದೇ ನಗರದ ಕಸವೆಂಬುದನ್ನು ತಿಳಿಯುತ್ತಾನೆ. ರಾಣಿ ಬಾಗಿನ ಪ್ರವಾಸ ನೂರು ವರ್ಷ ಕಲಿಸದೆ ಬಿಟ್ಟದ್ದನ್ನು ಈ ಉದ್ಯಾನ ಒಂದು ಮುಂಜಾನೆಯಲ್ಲಿ ಕಲಿಸಬಲ್ಲದು.

ದೇವನಾರದ ಹೊಗೆ

2016ರ ಜನವರಿಯ ಕೊನೆಯಲ್ಲಿ ದೇವನಾರದ ಕಸದ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿತು. ಸುಮಾರು 132 ಹೆಕ್ಟೇರ್ ಹರಡಿದ ಆ ನೆಲದಲ್ಲಿ ಕೊಳೆತ ಹಸಿಕಸದಿಂದ ಹುಟ್ಟುವ ಮೀಥೇನ್ ಎಂಬ ಉರಿಯುವ ಅನಿಲ ಬೆಂಕಿಯನ್ನು ಬೆಳೆಸಿತು. ದಟ್ಟವಾದ ಹೊಗೆಯಿಂದಾಗಿ ಸುತ್ತಲಿನ ಪಾಲಿಕೆಯ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಮಣ್ಣಾಗಬೇಕಿದ್ದ ಕಸ ಹೊಗೆಯಾಗಿ ಬಂದು ಶಾಲೆಯ ಬಾಗಿಲನ್ನು ಮುಚ್ಚಿಸಿದ ಆ ದಿನಗಳನ್ನು ಮುಂಬಯಿಯ ಶಿಕ್ಷಣ ಚರಿತ್ರೆಯಲ್ಲಿಯೂ ದಾಖಲಿಸಬೇಕು. ಸುಮಾರು ತೊಂಬತ್ತು ವರ್ಷ ಬೆಳೆದ ಆ ರಾಶಿಯ ನೇರ ಪೆಟ್ಟು ಬಿದ್ದದ್ದು ಅದರ ನೆರಳಿನಲ್ಲಿ ಬದುಕುವ ಬಡವರ ಮಕ್ಕಳ ಮೇಲೆ.

ಅದೇ ವರ್ಷ ಬಂದ ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ಹಸಿಕಸ, ಒಣಕಸಗಳನ್ನು ಹುಟ್ಟುವಲ್ಲಿಯೇ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿದವು. 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. ಬಿಸಿಯೂಟಕ್ಕೆ ತರಕಾರಿ ಬೆಳೆಸುವ ಇಂಥ ತೋಟವನ್ನು ಮಹಾರಾಷ್ಟ್ರದಲ್ಲಿ ‘ಪರಸಬಾಗ್’ ಎನ್ನುತ್ತಾರೆ, ಕನ್ನಡದ ‘ಕೈತೋಟ’ ಅದಕ್ಕೆ ಸಮಾನ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸ್ಥಳೀಯ ಕಸುಬುಗಳನ್ನು ಕಲಿಯಲು ಹತ್ತು ‘ಚೀಲವಿಲ್ಲದ ದಿನ’ಗಳನ್ನು ಸೂಚಿಸಿತು. ಲೋಣಿಯಿಂದ ಪಾಬಳದವರೆಗಿನ ಚರಿತ್ರೆಯನ್ನು ಬಲ್ಲವರಿಗೆ ಈ ಅವಕಾಶಗಳು ಹೇಗೆ ಕೈತಪ್ಪಬಹುದೆಂಬುದೂ ಗೊತ್ತು. ಹತ್ತು ದಿನದಲ್ಲಿ ಗೊಬ್ಬರ ಕಳಿಯುವುದಿಲ್ಲ. ಆ ಕೆಲಸಕ್ಕೆ ವರ್ಷವಿಡೀ ವೇಳಾಪಟ್ಟಿಯಲ್ಲಿ ಅವಧಿ ಬೇಕು, ಪರೀಕ್ಷೆಯಲ್ಲಿ ಅಂಕ ಬೇಕು, ಸೆಗಣಿಗೆ ಕೈ ಹಾಕಲು ಹಿಂಜರಿಯದ ಶಿಕ್ಷಕರು ಬೇಕು. ಈ ಮೂರೂ ಸಿಗದೆ ಹೋದ ಕಡೆಯಲ್ಲೆಲ್ಲ ವಿಷಯ ಸೊರಗಿದೆ, ಸಿಕ್ಕ ಕಡೆಯಲ್ಲಿ ಉಳಿದಿದೆ.

ಸಾಮಗ್ರಿಗಂತೂ ಕೊರತೆಯಿಲ್ಲ. ಬೃಹನ್ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಸಂಸ್ಥೆ. ಅದರ ಶಾಲೆಗಳಲ್ಲಿ ಬಿಸಿಯೂಟದ ಬಳಿಕ ಉಳಿಯುವ ಅನ್ನ, ಅಂಗಳದ ಮರಗಳಿಂದ ಉದುರುವ ಎಲೆ, ಎದುರಿನ ಅಂಗಡಿಯ ಕಬ್ಬಿನ ಸಿಪ್ಪೆ ಪ್ರತಿದಿನವೂ ಹೊಸದಾಗಿ ಬಂದು ಬೀಳುತ್ತವೆ. ಆ ತರಗತಿಗಳಲ್ಲಿ ಕುಳಿತ ಮಕ್ಕಳ ಮನೆಮಾತುಗಳಲ್ಲಿ ಇವು ಕಳಿತು ಆಗುವ ವಸ್ತುವಿಗೆ ಹೆಸರು ಮೊದಲೇ ಇದೆ: ಮರಾಠಿಯಲ್ಲಿ ಖತ, ಗುಜರಾತಿಯಲ್ಲಿ ಖಾತರ, ಹಿಂದಿ ಮತ್ತು ಉರ್ದುವಿನಲ್ಲಿ ಖಾದ್, ತಮಿಳಿನಲ್ಲಿ ಉರಂ, ತೆಲುಗಿನಲ್ಲಿ ಎರುವು, ಕನ್ನಡದಲ್ಲಿ ಗೊಬ್ಬರ. ಪಠ್ಯಪುಸ್ತಕ ಅಚ್ಚಾಗಿ ಬರುವವರೆಗೆ ಕಾಯಬೇಕಾಗಿಲ್ಲದ ಈ ಪಾಠವನ್ನು ಯಾವುದೇ ಶಾಲೆ ಅಂಗಳದ ಒಂದು ಮೂಲೆಯಲ್ಲಿ, ಒಂದು ಪೀಪಾಯಿಯಿಂದ, ಇದೇ ಮಳೆಗಾಲಕ್ಕೆ ಮುನ್ನ ಆರಂಭಿಸಬಹುದು.